ಮಲಗಿದ ಬೆಕ್ಕಿನ ಉಸಿರನ್ನು ಎಣಿಸಿದ್ದೀರಾ?

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಲ್ಲಿ ಬೆಕ್ಕಿದೆಯೇ? ಇದ್ದರೆ ಇಂದು ರಾತ್ರಿ ಒಂದು ಸಣ್ಣ ಕೆಲಸ ಮಾಡಿ. ಅದು ಚೆನ್ನಾಗಿ ನಿದ್ದೆ ಹೋದ ಮೇಲೆ, ಮುಟ್ಟದೆ, ಎಬ್ಬಿಸದೆ, ಸ್ವಲ್ಪ ದೂರದಲ್ಲಿ ಕುಳಿತು ಅದರ ಪಕ್ಕೆಯನ್ನೇ ನೋಡಿ. ಪಕ್ಕೆ ಒಮ್ಮೆ ಏರಿ ಒಮ್ಮೆ ಇಳಿದರೆ ಅದು ಒಂದು ಉಸಿರು. ಗಡಿಯಾರ ನೋಡುತ್ತ 30 ಸೆಕೆಂಡು ಎಣಿಸಿ, ಬಂದ ಸಂಖ್ಯೆಯನ್ನು ಎರಡರಿಂದ ಗುಣಿಸಿ. ಆರೋಗ್ಯವಾಗಿರುವ ಬೆಕ್ಕು ನಿದ್ದೆಯಲ್ಲಿ ನಿಮಿಷಕ್ಕೆ ಸಾಮಾನ್ಯವಾಗಿ 30ಕ್ಕಿಂತ ಕಡಿಮೆ ಬಾರಿ ಉಸಿರಾಡುತ್ತದೆ.

ಇದಕ್ಕೆ ಯಂತ್ರ ಬೇಡ, ಹಣ ಬೇಡ, ಅರ್ಧ ನಿಮಿಷ ಸಾಕು. ಆದರೆ ಈ ಲೆಕ್ಕ ನನಗೆ ಗೊತ್ತಾದದ್ದು ಸ್ವಲ್ಪ ತಡವಾಗಿ. ಹೃದಯ ಕಾಯಿಲೆಯ ಬೆಕ್ಕಿನೊಡನೆ ನಮ್ಮ ಮನೆಯವರೆಲ್ಲ ಹದಿನಾಲ್ಕು ತಿಂಗಳು ಬಾಳಿದೆವು. ಪರದೆಯ ಮೇಲಿನ ಮಾತುಕತೆಯಲ್ಲಿ ಸಮಯ ಸಾಲದೆ ಉಳಿದುಹೋಗುವ ಸಂಗತಿಗಳನ್ನು ಈ ಪುಟಗಳಲ್ಲಿ ನಿಮ್ಮೊಡನೆ ಹಂಚಿಕೊಳ್ಳುವುದು ನಮ್ಮ ವಾಡಿಕೆ. ಈ ಬಾರಿ ಅಂಥದೊಂದು ಸಂಗತಿ ನನ್ನ ಮನೆಯದೇ.

ಸೆಖೆ ಎಂದುಕೊಂಡೆವು

2022ರ ಏಪ್ರಿಲ್ ತಿಂಗಳು. ನಮ್ಮ ಬೆಕ್ಕು ಚಿನ್ನಿಗೆ ಆಗ ಒಂಬತ್ತು ವರ್ಷ. ಬೀದಿಯಲ್ಲಿ ಮರಿಯಾಗಿದ್ದಾಗ ಸಿಕ್ಕಿದ, ಯಾವ ವಿಶೇಷ ತಳಿಯೂ ಅಲ್ಲದ ನಾಡ ಬೆಕ್ಕು. ಒಂದು ಸಂಜೆ ಆಗ ಎಂಟನೆಯ ತರಗತಿಗೆ ಹೋಗಲಿದ್ದ ಮಗಳು ಬಂದು, "ಅಮ್ಮಾ, ಚಿನ್ನಿ ಯಾಕೋ ಜೋರಾಗಿ ಉಸಿರು ಎಳೀತಿದೆ ನೋಡು" ಎಂದಳು. ನಾನು ಕೆಲಸದಿಂದ ಆಗಷ್ಟೇ ಬಂದಿದ್ದೆ. "ಸೆಖೆ ಕಣೇ. ನಮಗೇ ತಡೆಯೋಕಾಗ್ತಿಲ್ಲ, ಮೈತುಂಬ ಕೂದಲಿರೋದಕ್ಕೆ ಇನ್ನೆಷ್ಟಾಗಬೇಡ" ಎಂದುಬಿಟ್ಟೆ.

ಮರುದಿನ ರಾತ್ರಿ ಚಿನ್ನಿ ಮಂಚದ ಕೆಳಗೆ ಮುಂಗಾಲುಗಳನ್ನು ಅಗಲಿಸಿ, ಕತ್ತು ಮುಂದೆ ಚಾಚಿ, ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ನಾಯಿ ಬಾಯಿ ತೆರೆದು ತೇಕುವುದು ಸಹಜ, ಅದು ಮೈ ತಣಿಸಿಕೊಳ್ಳುವ ಕ್ರಮ. ವಿಶ್ರಾಂತಿಯಲ್ಲಿರುವ ಬೆಕ್ಕು ಹಾಗೆ ತೇಕುವುದಿಲ್ಲ. ತೇಕಿದರೆ ಅದು ಅಪಾಯದ ಸೂಚನೆ, ಬೆಳಗಾಗುವ ತನಕ ಕಾಯುವಂತಿಲ್ಲ. ಬಿ.ಎಸ್‌ಸಿ. ಓದಿದ ನನಗೆ ಇಷ್ಟು ತಿಳಿದಿರಲಿಲ್ಲ. ಮಗಳ ಮುಖ ನೋಡಿ ಹೊರಟೆ.

ಪಶುವೈದ್ಯರು ಅದನ್ನು ಕಂಡೊಡನೆ ಎಕ್ಸ್‌ರೇಗೆ ಒಯ್ಯಲಿಲ್ಲ. ಮೊದಲು ಆಮ್ಲಜನಕದ ಪೆಟ್ಟಿಗೆಯಲ್ಲಿ ಇಟ್ಟರು, ಒಂದು ಇಂಜೆಕ್ಷನ್ ಕೊಟ್ಟು ಸುಮ್ಮನೆ ಬಿಟ್ಟರು. ಉಸಿರಿಗೆ ಪರದಾಡುವ ಬೆಕ್ಕನ್ನು ಹಿಡಿದು ಒತ್ತಿ ಪರೀಕ್ಷೆ ಮಾಡಹೊರಟರೆ ಆ ಗಾಬರಿಗೇ ಪ್ರಾಣ ಹೋಗಬಹುದಂತೆ. ಪರೀಕ್ಷೆಗಳೆಲ್ಲ ಆದದ್ದು ಉಸಿರು ಹದಕ್ಕೆ ಬಂದ ಮೇಲೆ. ಕಾಯಿಲೆಯ ಹೆಸರು ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪತಿ. ಸರಳವಾಗಿ ಹೇಳುವುದಾದರೆ, ಹೃದಯದ ಗೋಡೆ ದಪ್ಪವಾಗುವ ಕಾಯಿಲೆ. ಬೆಕ್ಕುಗಳ ಹೃದಯ ರೋಗಗಳಲ್ಲಿ ಅತ್ಯಂತ ಸಾಮಾನ್ಯವಾದದ್ದು ಇದೇ.

ನೆಲ್ಲಿಕಾಯಿಯಷ್ಟು ಹೃದಯ

ಬೆಕ್ಕಿನ ಹೃದಯ ಸುಮಾರು 15ರಿಂದ 20 ಗ್ರಾಂ ತೂಗುತ್ತದೆ, ಹೆಚ್ಚುಕಡಿಮೆ ಒಂದು ದೊಡ್ಡ ಬೆಟ್ಟದ ನೆಲ್ಲಿಕಾಯಿಯಷ್ಟು. ಆದರೆ ರಚನೆ ನಮ್ಮ ಹೃದಯದ್ದೇ. ಮೇಲೆ ಎರಡು ಹೃತ್ಕರ್ಣಗಳು, ಕೆಳಗೆ ಎರಡು ಹೃತ್ಕುಕ್ಷಿಗಳು, ನಡುವೆ ಕವಾಟಗಳು. ಬಲಭಾಗ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತದೆ. ಅಲ್ಲಿ ಆಮ್ಲಜನಕ ತುಂಬಿಕೊಂಡ ರಕ್ತ ಎಡ ಹೃತ್ಕರ್ಣಕ್ಕೆ ಬಂದು, ಅಲ್ಲಿಂದ ಎಡ ಹೃತ್ಕುಕ್ಷಿಗೆ ಇಳಿದು, ಮಹಾಪಧಮನಿಯ ಮೂಲಕ ಮೈಗೆಲ್ಲ ಹೋಗುತ್ತದೆ.

ವ್ಯತ್ಯಾಸವಿರುವುದು ವೇಗದಲ್ಲಿ. ನಿಮ್ಮ ಹೃದಯ ನಿಮಿಷಕ್ಕೆ ಸುಮಾರು 72 ಬಾರಿ ಬಡಿಯುತ್ತದೆ. ಬೆಕ್ಕಿನದು 140ರಿಂದ 220. ನಿಮಿಷಕ್ಕೆ 180 ಎಂದು ಹಿಡಿದರೂ ದಿನಕ್ಕೆ 2,59,200 ಬಡಿತಗಳಾದವು. ಅಂದರೆ ಒಂದು ಬಡಿತಕ್ಕೆ ಸಿಗುವುದು ಸೆಕೆಂಡಿನ ಮೂರನೆಯ ಒಂದು ಭಾಗ. ಅಷ್ಟರೊಳಗೆ ಹೃದಯ ಸಡಿಲಗೊಂಡು ರಕ್ತ ತುಂಬಿಕೊಳ್ಳಬೇಕು, ಕುಗ್ಗಿ ಹೊರಗೆ ತಳ್ಳಬೇಕು. ಈ "ಸಡಿಲಗೊಂಡು" ಎಂಬ ಮಾತನ್ನು ನೆನಪಿಡಿ. ಕಷ್ಟವೆಲ್ಲ ಶುರುವಾಗುವುದು ಅಲ್ಲಿಂದಲೇ.

ದಪ್ಪವಾದರೆ ಬಲ ಬರುವುದಿಲ್ಲವೇ?

ಗರಡಿಮನೆಯ ಪೈಲ್ವಾನನ ತೋಳು ದಪ್ಪವಾದಷ್ಟೂ ಬಲ. ಹಾಗಾದರೆ ಹೃದಯದ ಸ್ನಾಯು ದಪ್ಪವಾದರೆ ಒಳ್ಳೆಯದೇ ಅಲ್ಲವೇ ಎಂದು ನಮ್ಮ ಮಗಳು ವೈದ್ಯರನ್ನು ಕೇಳಿದಳು. ಒಳ್ಳೆಯ ಪ್ರಶ್ನೆ.

ತೋಳು ಎತ್ತಬೇಕು. ಹೃದಯ ಎತ್ತಿದರಷ್ಟೇ ಸಾಲದು, ಮೊದಲು ತುಂಬಿಕೊಳ್ಳಬೇಕು. ಎಡ ಹೃತ್ಕುಕ್ಷಿಯ ಗೋಡೆ ಸಾಮಾನ್ಯವಾಗಿ 5 ಮಿಲಿಮೀಟರಿಗಿಂತ ತೆಳು. ಸಡಿಲಗೊಂಡ ಸ್ಥಿತಿಯಲ್ಲಿ ಅದು 6 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪವಿದ್ದರೆ ಕಾಯಿಲೆಯೆಂದು ಶಂಕಿಸುತ್ತಾರೆ. ನೋಡಿ, ಒಂದೆರಡು ಮಿಲಿಮೀಟರಿನ ವ್ಯವಹಾರ. ಗೋಡೆ ಒಳಮುಖವಾಗಿ ದಪ್ಪವಾದರೆ ಕೋಣೆ ಕಿರಿದಾಗುತ್ತದೆ. ಜೊತೆಗೆ ಗೋಡೆ ಬಿರುಸಾಗುತ್ತದೆ. ಬಲೂನನ್ನು ಊದಿ ನೋಡಿ, ಸುಲಭವಾಗಿ ಹಿಗ್ಗುತ್ತದೆ. ಸೈಕಲ್ಲಿನ ಟ್ಯೂಬನ್ನು ಬಾಯಿಂದ ಊದಿ ನೋಡಿ, ಕೆನ್ನೆ ನೋಯುತ್ತದೆ. ಕಾಯಿಲೆಯ ಹೃತ್ಕುಕ್ಷಿ ಸೈಕಲ್ ಟ್ಯೂಬಿನಂತೆ.

ತುಂಬಲು ಒಪ್ಪದ ಕೋಣೆಗೆ ರಕ್ತ ಇಳಿಯದೆ ಹಿಂದಿನ ಎಡ ಹೃತ್ಕರ್ಣದಲ್ಲಿ ನಿಲ್ಲುತ್ತದೆ. ಹೃತ್ಕರ್ಣ ಉಬ್ಬುತ್ತದೆ. ಅದರ ಹಿಂದೆ ಇರುವುದು ಶ್ವಾಸಕೋಶದಿಂದ ಬರುವ ರಕ್ತನಾಳಗಳು. ಕೆರೆಯ ತೂಬು ಕಟ್ಟಿಕೊಂಡರೆ ಹಿನ್ನೀರು ಮೇಲಿನ ಗದ್ದೆಗಳಿಗೆ ನುಗ್ಗುವುದನ್ನು ಹಳ್ಳಿಯ ವಿದ್ಯಾರ್ಥಿಗಳು ಕಂಡಿರುತ್ತಾರೆ. ಇಲ್ಲಿ ಆಗುವುದೂ ಅದೇ. ಒತ್ತಡ ಹಿಂದಕ್ಕೆ ಏರಿ, ಶ್ವಾಸಕೋಶದ ಲೋಮನಾಳಗಳಿಂದ ನೀರಿನಂಶ ಜಿನುಗಿ, ಗಾಳಿ ಇರಬೇಕಾದ ವಾಯುಕೋಶಗಳಲ್ಲಿ ನೀರು ಸೇರುತ್ತದೆ. ಕೆಲವು ಬೆಕ್ಕುಗಳಲ್ಲಿ ಶ್ವಾಸಕೋಶದ ಹೊರಗೆ, ಎದೆಗೂಡಿನಲ್ಲಿ ನೀರು ನಿಲ್ಲುತ್ತದೆ. ಆಗ ವೈದ್ಯರು ಸೂಜಿಯಿಂದ ಅದನ್ನು ಹೊರತೆಗೆಯಬೇಕಾಗುತ್ತದೆ. ಎರಡರಲ್ಲೂ ಬೆಕ್ಕಿಗೆ ಒಂದು ಉಸಿರಿನಲ್ಲಿ ಸಿಗುವ ಆಮ್ಲಜನಕ ಸಾಲದು. ಅದಕ್ಕಾಗಿ ಅದು ಹೆಚ್ಚು ಬಾರಿ ಉಸಿರಾಡುತ್ತದೆ. ಮಲಗಿದಾಗಲೂ.

ನಾನು ಮೊದಲು ಹೇಳಿದ ಎಣಿಕೆಯ ಅರ್ಥ ಈಗ ತಿಳಿಯಿತಲ್ಲವೇ? ನೀವು ಎಣಿಸುತ್ತಿರುವುದು ಉಸಿರನ್ನು, ಆದರೆ ಅಳೆಯುತ್ತಿರುವುದು ಹೃದಯವನ್ನು.

ಏಕೆ ಗೊತ್ತಾಗುವುದಿಲ್ಲ?

ದೊಡ್ಡ ಬೆಕ್ಕುಗಳನ್ನು ಸ್ಕ್ಯಾನ್ ಮಾಡಿ ನೋಡಿದ ಅಧ್ಯಯನಗಳಲ್ಲಿ ನೂರಕ್ಕೆ ಸುಮಾರು 15ರಲ್ಲಿ ಗೋಡೆ ದಪ್ಪವಾಗಿರುವುದು ಕಂಡುಬಂದಿದೆ. ಅಂದರೆ ಏಳರಲ್ಲಿ ಒಂದು! ಗಾಬರಿಯಾಗಬೇಡಿ, ಅವುಗಳಲ್ಲಿ ಹೆಚ್ಚಿನವು ಅದರಿಂದ ಏನೂ ತೊಂದರೆಪಡದೆ ಬಾಳಿ ಮುಗಿಸುತ್ತವೆ. ತೊಂದರೆಗೆ ಸಿಲುಕುವ ಉಳಿದವನ್ನು ಮೊದಲೇ ಗುರುತಿಸುವುದು ಕಷ್ಟ.

ಅದಕ್ಕೆ ಮೊದಲ ಕಾರಣ ಬೆಕ್ಕಿನ ಸ್ವಭಾವ. ಅದು ಇಲಿಗೆ ಬೇಟೆಗಾರನಾದರೂ ತನಗಿಂತ ದೊಡ್ಡ ಪ್ರಾಣಿಗಳಿಗೆ ತಾನೇ ಬೇಟೆ. ನಿಶ್ಶಕ್ತಿಯನ್ನು ತೋರಿಸಿಕೊಳ್ಳುವುದಿಲ್ಲ. ಸ್ವಲ್ಪ ಕಡಿಮೆ ನೆಗೆಯುತ್ತದೆ, ಸ್ವಲ್ಪ ಹೆಚ್ಚು ಮಲಗುತ್ತದೆ. ವಯಸ್ಸಾಯಿತು ಎಂದುಕೊಳ್ಳುತ್ತೇವೆ. ಎರಡನೆಯದಾಗಿ, ಹೃದಯ ಸೋತ ನಾಯಿ ಸಾಮಾನ್ಯವಾಗಿ ಕೆಮ್ಮುತ್ತದೆ. ಬೆಕ್ಕು ಹಾಗೆ ಕೆಮ್ಮುವುದು ಅಪರೂಪ. ಮೂರನೆಯದಾಗಿ, ಸ್ಟೆತೊಸ್ಕೋಪು ಕೂಡ ಇಲ್ಲಿ ಪೂರ್ತಿ ನಂಬಿಕೆಗೆ ಸಿಗದು. ಕಾಯಿಲೆಯಿದ್ದೂ ಮರ್ಮರ ಶಬ್ದ ಕೇಳಿಸದ ಬೆಕ್ಕುಗಳುಂಟು, ಶಬ್ದ ಕೇಳಿಸಿಯೂ ಕಾಯಿಲೆಯಿಲ್ಲದ ಬೆಕ್ಕುಗಳುಂಟು.

ಖಚಿತವಾಗಿ ತಿಳಿಯಲು ಬೇಕಾದದ್ದು ಎಕೋಕಾರ್ಡಿಯೋಗ್ರಫಿ. ನಮ್ಮ ಕಿವಿಗೆ ಕೇಳಿಸದಷ್ಟು ಹೆಚ್ಚಿನ ಆವರ್ತನದ ಶಬ್ದವನ್ನು ಎದೆಯೊಳಕ್ಕೆ ಕಳಿಸಿ, ಹಿಂದಿರುಗಿದ ಪ್ರತಿಧ್ವನಿಯಿಂದ ಹೃದಯದ ಚಿತ್ರ ಮೂಡಿಸುವ ವಿಧಾನ. 1953ರಲ್ಲಿ ಸ್ವೀಡನ್ನಿನ ಲುಂಡ್ ನಗರದಲ್ಲಿ ವೈದ್ಯ ಇಂಗೆ ಎಡ್ಲರ್ ಮತ್ತು ಭೌತವಿಜ್ಞಾನಿ ಕಾರ್ಲ್ ಹೆಲ್ಮುತ್ ಹರ್ಟ್ಸ್ ಮನುಷ್ಯರ ಮೇಲೆ ಇದನ್ನು ಆರಂಭಿಸಿದರು. ಚಿನ್ನಿಯನ್ನು ಪಕ್ಕಕ್ಕೆ ಮಲಗಿಸಿ ಎದೆಗೆ ಜೆಲ್ ಸವರಿ ಪರೀಕ್ಷಿಸಿದಾಗ ಪರದೆಯ ಮೇಲೆ ಅದರ ಹೃದಯ ಬಡಿಯುವುದನ್ನು ನಾವೂ ಕಂಡೆವು. ಇಪ್ಪತ್ತು ವರ್ಷ ಪರದೆ ನೋಡುವುದೇ ನನ್ನ ಉದ್ಯೋಗ. ಅಷ್ಟು ಹೊತ್ತು ಕಣ್ಣು ಕೀಳದೆ ನೋಡಿದ ಚಿತ್ರ ಬೇರೊಂದಿಲ್ಲ.

ವೈದ್ಯರು ರಕ್ತದೊತ್ತಡ ಮತ್ತು ಥೈರಾಯ್ಡ್ ಪರೀಕ್ಷೆಗಳನ್ನೂ ಮಾಡಿಸಿದರು. ವಯಸ್ಸಾದ ಬೆಕ್ಕುಗಳಲ್ಲಿ ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡಿದರೆ ಅಥವಾ ರಕ್ತದೊತ್ತಡ ಏರಿದರೆ ಅದರಿಂದಲೂ ಹೃದಯದ ಗೋಡೆ ದಪ್ಪವಾಗುತ್ತದೆ. ಅವೇ ಕಾರಣವಾದರೆ ಚಿಕಿತ್ಸೆಯ ದಾರಿ ಬೇರೆ. ಚಿನ್ನಿಯಲ್ಲಿ ಎರಡೂ ಸರಿಯಾಗಿದ್ದವು.

ಹಾಲನ್ನದ ಪ್ರಶ್ನೆ

ಮನೆಗೆ ಬಂದು ಹೇಳಿದಾಗ ನಮ್ಮತ್ತೆಯವರು, "ಹಾಲನ್ನ ತಿನ್ನೋ ಬೆಕ್ಕಿಗೂ ಹೃದಯದ ಕಾಯಿಲೆ ಬರುತ್ತೇನಮ್ಮ?" ಎಂದು ಕೇಳಿದರು. ಅವರಿಗೆ ತಿಳಿಯದಂತೆಯೇ ಅವರು ಬಹು ಮುಖ್ಯವಾದ ವಿಷಯವನ್ನು ಮುಟ್ಟಿದ್ದರು. ವೈದ್ಯರು ನಮ್ಮನ್ನು ಕೇಳಿದ ಮೊದಲ ಪ್ರಶ್ನೆಗಳಲ್ಲಿ ಒಂದು, "ಏನು ತಿನ್ನುತ್ತದೆ?" ಎಂಬುದೇ.

ಇದರ ಹಿಂದೆ ಒಂದು ಕಥೆಯಿದೆ. ಗೋಡೆ ದಪ್ಪವಾಗುವ ಬದಲು ಹೃದಯ ಹಿಗ್ಗಿ ತೆಳುವಾಗಿ ಸೋಲುವ ಇನ್ನೊಂದು ಕಾಯಿಲೆ ಒಂದು ಕಾಲದಲ್ಲಿ ಬೆಕ್ಕುಗಳಲ್ಲಿ ಬಹಳವಾಗಿತ್ತು. 1987ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಪಾಲ್ ಪಯನ್ ಮತ್ತು ಸಂಗಡಿಗರು ಇಂಥ ಬೆಕ್ಕುಗಳ ರಕ್ತದಲ್ಲಿ ಟಾರಿನ್ ಎಂಬ ವಸ್ತು ತೀರಾ ಕಡಿಮೆಯಿರುವುದನ್ನು ಕಂಡುಕೊಂಡರು. ಟಾರಿನ್ ಕೊಟ್ಟರೆ ಹಿಗ್ಗಿದ ಹೃದಯ ಮತ್ತೆ ಸುಧಾರಿಸಿತು! ಆ ಬೆಕ್ಕುಗಳು ತಿನ್ನುತ್ತಿದ್ದದ್ದು ಅಂಗಡಿಯ ಆಹಾರವನ್ನೇ. ತಯಾರಕರು ಟಾರಿನ್ ಪ್ರಮಾಣವನ್ನು ಹೆಚ್ಚಿಸಿದರು. ಆ ಕಾಯಿಲೆ ಅಪರೂಪವಾಯಿತು.

ಟಾರಿನ್ ಎಂಬ ಹೆಸರು ಬಂದದ್ದು ಎತ್ತಿಗಿರುವ ಲ್ಯಾಟಿನ್ ಪದದಿಂದ. 1827ರಲ್ಲಿ ಅದನ್ನು ಮೊದಲು ಬೇರ್ಪಡಿಸಿದ್ದು ಎತ್ತಿನ ಪಿತ್ತರಸದಿಂದ. ನಮ್ಮ ದೇಹ ಟಾರಿನನ್ನು ತಾನೇ ತಯಾರಿಸಿಕೊಳ್ಳುತ್ತದೆ. ಬೆಕ್ಕಿನ ದೇಹಕ್ಕೆ ಅದನ್ನು ಸಾಕಷ್ಟು ತಯಾರಿಸಲು ಬರುವುದಿಲ್ಲ. ಮಾಂಸ, ಮೀನು, ಇಲಿ, ಹಕ್ಕಿಗಳಿಂದಲೇ ಬರಬೇಕು. ಅಕ್ಕಿ ಬೇಳೆಗಳಲ್ಲಿ ಅದು ಇಲ್ಲವೆಂದೇ ಹೇಳಬಹುದು, ಹಾಲಿನಲ್ಲೂ ಸಾಕಾಗುವಷ್ಟಿಲ್ಲ. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬೆಕ್ಕಿಗೆ ಹಾಲನ್ನ, ಮೊಸರನ್ನವೇ ಊಟ. ಹೊರಗೆ ತಿರುಗಿ ಇಲಿ ಹಿಡಿಯುವ ಬೆಕ್ಕಾದರೆ ತನಗೆ ಬೇಕಾದದ್ದನ್ನು ತಾನೇ ಸಂಪಾದಿಸಿಕೊಳ್ಳುತ್ತದೆ. ಫ್ಲಾಟಿನಲ್ಲಿ ಬಾಗಿಲು ಹಾಕಿ ಸಾಕಿದ ಬೆಕ್ಕು ಎಲ್ಲಿಗೆ ಹೋಗಬೇಕು? ನಿಮ್ಮ ಮನೆ ಸಸ್ಯಾಹಾರಿಯಾಗಿರಬಹುದು, ನಿಮ್ಮ ಬೆಕ್ಕು ಅಲ್ಲ.

ನಮ್ಮ ಮನೆಯಲ್ಲಿ ಹಾಲನ್ನದ ಜೊತೆ ಪೊಟ್ಟಣದ ಆಹಾರವನ್ನೂ ಮೊದಲಿನಿಂದ ಕೊಡುತ್ತಿದ್ದೆವು. ಚಿನ್ನಿಯ ಹೃದಯ ಹಿಗ್ಗಿರಲಿಲ್ಲ, ಗೋಡೆ ದಪ್ಪವಾಗಿತ್ತು. ಆದ್ದರಿಂದ ಊಟ ಕಾರಣವಲ್ಲ ಎಂದು ವೈದ್ಯರು ಹೇಳಿದರು. ಅತ್ತೆಯವರ ಮನಸ್ಸು ಹಗುರವಾಯಿತು.

ಬೆಕ್ಕಿನ ಜೀನು, ನಮ್ಮ ಜೀನು

ಹಾಗಾದರೆ ಕಾರಣವೇನು? ಕೆಲವು ತಳಿಗಳಲ್ಲಿ ಉತ್ತರ ಸಿಕ್ಕಿದೆ. 2005ರಲ್ಲಿ ಕ್ಯಾಥರಿನ್ ಮ್ಯೂರ್ಸ್ ಮತ್ತು ಸಂಗಡಿಗರು ಮೇನ್ ಕೂನ್ ಎಂಬ ದೊಡ್ಡ ಗಾತ್ರದ ತಳಿಯಲ್ಲಿ ಈ ಕಾಯಿಲೆಗೆ ಸಂಬಂಧಿಸಿದ ಜೀನಿನ ಉತ್ಪರಿವರ್ತನೆಯನ್ನು ಗುರುತಿಸಿದರು. 2007ರಲ್ಲಿ ರ್‍ಯಾಗ್‌ಡಾಲ್ ತಳಿಯಲ್ಲಿ ಅದೇ ಜೀನಿನ ಇನ್ನೊಂದು ದೋಷ ಸಿಕ್ಕಿತು. ಆ ಜೀನು ಹೃದಯದ ಸ್ನಾಯುವಿನಲ್ಲಿ ಮಯೋಸಿನ್ ಎಳೆಗಳಿಗೆ ಅಂಟಿಕೊಂಡು ಅವುಗಳ ಎಳೆತವನ್ನು ಹತೋಟಿಯಲ್ಲಿಡುವ ಒಂದು ಪ್ರೋಟೀನಿನದು. ನಮ್ಮ ಚಿನ್ನಿಯಂಥ ನಾಡ ಬೆಕ್ಕುಗಳಲ್ಲಿ ಹೀಗೆ ಬೆರಳಿಟ್ಟು ತೋರಿಸುವಂಥ ಒಂದೇ ಕಾರಣ ಇಲ್ಲ.

ಇದು ಬೆಕ್ಕಿನ ಕಥೆ ಮಾತ್ರವಲ್ಲ. ಇದೇ ಹೆಸರಿನ ಕಾಯಿಲೆ ಮನುಷ್ಯರಲ್ಲೂ ಇದೆ, ಸುಮಾರು 500 ಜನರಲ್ಲಿ ಒಬ್ಬರಿಗೆ. ಆಟದ ಮೈದಾನದಲ್ಲಿ ಆರೋಗ್ಯವಂತರಂತೆ ಕಾಣುವ ತರುಣರು ಹಠಾತ್ತನೆ ಕುಸಿದು ಸಾಯುವುದಕ್ಕೆ ಇರುವ ಕಾರಣಗಳಲ್ಲಿ ಇದೂ ಒಂದು. ಮನುಷ್ಯರಲ್ಲೂ ಮುಖ್ಯ ಅಪರಾಧಿಗಳಲ್ಲಿ ಒಂದು ಅದೇ ಜೀನು. 2009ರಲ್ಲಿ ಹೈದರಾಬಾದಿನ ಕೋಶೀಯ ಮತ್ತು ಅಣುಜೀವವಿಜ್ಞಾನ ಕೇಂದ್ರದ ಕುಮಾರಸ್ವಾಮಿ ತಂಗರಾಜ್ ಅವರೂ ಸೇರಿದ್ದ ತಂಡ ಒಂದು ಮಹತ್ವದ ವಿಷಯವನ್ನು ಪ್ರಕಟಿಸಿತು. ಆ ಜೀನಿನಲ್ಲಿ 25 ಅಕ್ಷರಗಳು ಬಿಟ್ಟುಹೋಗಿರುವ ಒಂದು ರೂಪ ಭಾರತ ಉಪಖಂಡದ ಜನರಲ್ಲಿ ನೂರಕ್ಕೆ ಸುಮಾರು ನಾಲ್ವರಲ್ಲಿ ಇದೆ, ಅದು ಹೃದಯ ಸ್ನಾಯುವಿನ ಕಾಯಿಲೆಗಳೊಡನೆ ಸಂಬಂಧ ಹೊಂದಿದೆ ಎಂಬುದು ಅದರ ಸಾರ. ಅದಿದ್ದವರಿಗೆಲ್ಲ ಕಾಯಿಲೆ ಬರುತ್ತದೆಂದಲ್ಲ. ಆದರೆ ಮಂಚದ ಕೆಳಗೆ ಏದುಸಿರು ಬಿಡುವ ಬೆಕ್ಕಿಗೂ ನಮಗೂ ಇರುವ ನಂಟು ಎಷ್ಟು ಹತ್ತಿರದ್ದು ನೋಡಿ.

ಔಷಧಿ ಏನು ಮಾಡುತ್ತದೆ?

ದಪ್ಪವಾದ ಗೋಡೆಯನ್ನು ಮೊದಲಿನಂತೆ ಮಾಡುವ ಔಷಧಿಯನ್ನು ವೈದ್ಯರು ನಮಗೆ ಕೊಡಲಿಲ್ಲ, ಏಕೆಂದರೆ ಅಂಥದು ಇರಲಿಲ್ಲ. ಅವರು ಕೊಟ್ಟದ್ದು ಮುಖ್ಯವಾಗಿ ಎರಡು.

ಮೊದಲನೆಯದು ಫ್ಯೂರೋಸಮೈಡ್. ಮೂತ್ರಪಿಂಡದಲ್ಲಿ ಹೆನ್ಲೆಯ ಕುಣಿಕೆ ಎಂಬ ಭಾಗವನ್ನು ನೀವು ಪಠ್ಯದಲ್ಲಿ ಓದಿರುತ್ತೀರಿ. ಅಲ್ಲಿ ಉಪ್ಪಿನಂಶ ಮರಳಿ ರಕ್ತಕ್ಕೆ ಹೀರಿಕೆಯಾಗುವುದನ್ನು ಈ ಔಷಧಿ ತಡೆಯುತ್ತದೆ. ಉಪ್ಪಿನೊಡನೆ ನೀರೂ ಮೂತ್ರವಾಗಿ ಹೋಗುತ್ತದೆ, ಶ್ವಾಸಕೋಶ ಬರಿದಾಗುತ್ತದೆ. ಬೆಕ್ಕಿಗೆ ಬಾಯಾರಿಕೆ ಹೆಚ್ಚುತ್ತದೆ, ಆದ್ದರಿಂದ ಕುಡಿಯುವ ನೀರು ಸದಾ ಇರಬೇಕು. ಮೂತ್ರಪಿಂಡಕ್ಕೆ ಹೊರೆಯಾಗುವುದರಿಂದ ಆಗಾಗ ರಕ್ತಪರೀಕ್ಷೆ ಬೇಕು. ಹೃದಯಕ್ಕೆ ಒಳ್ಳೆಯದಾದದ್ದು ಮೂತ್ರಪಿಂಡಕ್ಕೆ ಕಷ್ಟ. ಈ ತಕ್ಕಡಿಯನ್ನು ಕೊನೆಯವರೆಗೂ ತೂಗುತ್ತಿರಬೇಕು.

ಎರಡನೆಯದು ಕ್ಲೋಪಿಡೋಗ್ರೆಲ್. ಉಬ್ಬಿದ ಎಡ ಹೃತ್ಕರ್ಣದಲ್ಲಿ ರಕ್ತದ ಹರಿವು ಮಂದವಾಗಿ ಹೆಪ್ಪುಗಟ್ಟುವ ಅಪಾಯವಿದೆ. ರಕ್ತದ ಕಿರುತಟ್ಟೆಗಳು ಒಂದಕ್ಕೊಂದು ಅಂಟಿಕೊಳ್ಳುವುದನ್ನು ಈ ಔಷಧಿ ಕಡಿಮೆ ಮಾಡುತ್ತದೆ. ಮನುಷ್ಯರ ಮಾತ್ರೆಯ ಕಾಲು ಭಾಗವೇ ಚಿನ್ನಿಗೆ ಒಂದು ದಿನದ ಪ್ರಮಾಣ. ಸ್ಟೀಲ್ ತಟ್ಟೆಯ ಮೇಲೆ ಬ್ಲೇಡಿನಿಂದ ಕತ್ತರಿಸುವ ಕೆಲಸ ನನ್ನದು. ಅದೆಷ್ಟು ಕಹಿಯೆಂದರೆ ಮೊದಲ ದಿನ ಚಿನ್ನಿ ಬಾಯಲ್ಲಿ ನೊರೆ ಸುರಿಸಿ ಒಂದು ಗಂಟೆ ನಮ್ಮ ಹತ್ತಿರ ಬರಲಿಲ್ಲ. ಮೆಡಿಕಲ್ ಶಾಪಿನಿಂದ ಸಣ್ಣ ಖಾಲಿ ಕ್ಯಾಪ್ಸೂಲ್ ತಂದು, ಅದರೊಳಗೆ ಚೂರನ್ನು ಹಾಕಿ, ಮೇಲೆ ಚೂರು ಬೆಣ್ಣೆ ಸವರಿ ಕೊಡಲು ಕಲಿತೆವು.

ಈ ದಿಕ್ಕಿನಲ್ಲಿ ಈಗ ಒಂದು ಹೊಸ ಹೆಜ್ಜೆಯಾಗಿದೆ. ಗೋಡೆ ದಪ್ಪವಾಗಿದ್ದರೂ ಇನ್ನೂ ಕಾಯಿಲೆಯ ಲಕ್ಷಣ ತೋರದ ಬೆಕ್ಕುಗಳಿಗಾಗಿ ಸಿರೋಲಿಮಸ್ ಎಂಬ ಔಷಧಿಗೆ 2025ರ ಮಾರ್ಚ್‌ನಲ್ಲಿ ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ ಷರತ್ತಿನ ಒಪ್ಪಿಗೆ ಕೊಟ್ಟಿತು. ಷರತ್ತಿನ ಒಪ್ಪಿಗೆ ಎಂದರೆ, ಪರಿಣಾಮದ ಪೂರ್ತಿ ಪುರಾವೆಯನ್ನು ಮುಂದೆ ಒದಗಿಸಬೇಕು ಎಂದರ್ಥ. ಈ ಔಷಧಿಯ ಮೂಲ 1964ರಲ್ಲಿ ಪೆಸಿಫಿಕ್ ಸಾಗರದ ಈಸ್ಟರ್ ದ್ವೀಪದಿಂದ ತಂದ ಮಣ್ಣಿನಲ್ಲಿದ್ದ ಒಂದು ಬ್ಯಾಕ್ಟೀರಿಯ. ಅದನ್ನು ಬೇರ್ಪಡಿಸಿದ ವಿಜ್ಞಾನಿಗಳಲ್ಲಿ ಒಬ್ಬರು ಅವಿಭಜಿತ ಭಾರತದಲ್ಲಿ ಹುಟ್ಟಿದ ಸುರೇನ್ ಸೆಹಗಲ್. ಎಲ್ಲಿಯ ಮಣ್ಣು, ಎಲ್ಲಿಯ ಬೆಕ್ಕು!

ಒಂದು ಎಚ್ಚರಿಕೆ. ಮನೆಯಲ್ಲಿರುವ ಮಾತ್ರೆಯನ್ನು ಬೆಕ್ಕಿಗೆ ನೀವಾಗಿ ಕೊಡಬೇಡಿ. ಜ್ವರಕ್ಕೆ ನಾವು ನುಂಗುವ ಒಂದೇ ಒಂದು ಪ್ಯಾರಾಸಿಟಮಾಲ್ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ಅದನ್ನು ನಿರಪಾಯಗೊಳಿಸಿ ಹೊರಹಾಕಲು ನಮ್ಮ ಯಕೃತ್ತಿನಲ್ಲಿರುವ ಕಿಣ್ವದ ಏರ್ಪಾಡು ಬೆಕ್ಕಿನಲ್ಲಿ ತೀರಾ ದುರ್ಬಲ. ಬೆಕ್ಕು ಚಿಕ್ಕ ಗಾತ್ರದ ಮನುಷ್ಯನೂ ಅಲ್ಲ, ಚಿಕ್ಕ ನಾಯಿಯೂ ಅಲ್ಲ.

ಎಣಿಕೆಯ ಪುಸ್ತಕ

ಆಸ್ಪತ್ರೆಯಿಂದ ಬರುವಾಗ ವೈದ್ಯರು ಕೊಟ್ಟ ಕೊನೆಯ ಸಲಹೆ ಉಸಿರು ಎಣಿಸುವುದು. ಮಗಳು ಒಂದು ಹಳೆಯ ಗೀಟಿನ ನೋಟ್‌ಬುಕ್ಕಿನಲ್ಲಿ ಮೂರು ಗೆರೆ ಎಳೆದಳು: ದಿನಾಂಕ, ವೇಳೆ, ಸಂಖ್ಯೆ. ಗುರುಗುಟ್ಟುವಾಗ ಎಣಿಸಬಾರದು, ಕನಸಿನಲ್ಲಿ ಮೀಸೆ ಕಾಲು ಅದುರುವಾಗ ಎಣಿಸಬಾರದು. ಒಮ್ಮೆ ಹೆಚ್ಚು ಬಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎಣಿಸಬೇಕು. ಮತ್ತೆಯೂ 30 ದಾಟಿದರೆ ವೈದ್ಯರಿಗೆ ಫೋನು.

ಮೊದಲ ತಿಂಗಳು ಅಂಕಿಗಳು 22, 24, 21. ಆಗಸ್ಟಿನಲ್ಲಿ ಒಂದು ರಾತ್ರಿ 34, ಮತ್ತೆ 36. ನೋಡಲು ಚಿನ್ನಿ ಆರಾಮವಾಗಿಯೇ ಇತ್ತು, ಸಂಜೆ ಊಟವನ್ನೂ ಮಾಡಿತ್ತು. ಫೋನು ಮಾಡಿದೆವು. ವೈದ್ಯರು ಫ್ಯೂರೋಸಮೈಡಿನ ಪ್ರಮಾಣ ಹೆಚ್ಚಿಸಿದರು. ಎರಡು ದಿನದಲ್ಲಿ 25ಕ್ಕೆ ಇಳಿಯಿತು. ಏಪ್ರಿಲ್‌ನ ಆ ರಾತ್ರಿಯ ಓಡಾಟ ಮತ್ತೆ ಬೇಕಾಗಲಿಲ್ಲ.

ಅಂದು ನನಗೆ ಹೊಳೆದದ್ದನ್ನು ನಿಮಗೆ ಹೇಳಬೇಕು. "ಜೋರಾಗಿ ಉಸಿರು ಎಳೀತಿದೆ" ಎಂದು ಮಗಳು ಹೇಳಿದಾಗ ನಾನು ಸೆಖೆ ಎಂದೆ. ಅವಳು ಕಂಡದ್ದು ಸರಿಯಾಗಿಯೇ ಇತ್ತು. "ನಿಮಿಷಕ್ಕೆ 50" ಎಂದಿದ್ದರೆ ಸೆಖೆ ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ಎಣಿಸುವುದನ್ನು ಅವಳಿಗೆ ಕಲಿಸಬೇಕಾಗಿದ್ದದ್ದು ನಾನು. ನೀವು ಚಿಕ್ಕವರೆಂದು ನಿಮ್ಮ ಮಾತನ್ನು ಹಿರಿಯರು ತಳ್ಳಿಹಾಕಬಹುದು, ಎಣಿಸಿ ಬರೆದ ಅಂಕಿಯನ್ನು ತಳ್ಳಿಹಾಕುವುದು ಕಷ್ಟ.

ಮನೆಯ ರೀತಿಗಳೂ ಬದಲಾದವು. ಗಾಬರಿ ಎಂಬುದು ಇಂಥ ಹೃದಯಕ್ಕೆ ಹೊರೆ. ವೈದ್ಯರ ಬಳಿಗೆ ಒಯ್ಯುವ ಬುಟ್ಟಿಯನ್ನು ಸದಾ ಹಜಾರದಲ್ಲೇ ತೆರೆದಿಟ್ಟೆವು. ಅದರಲ್ಲಿ ಹಳೆಯ ಸೀರೆ ಹಾಸಿದ್ದರಿಂದ ಅದು ಚಿನ್ನಿಯ ಹಾಸಿಗೆಯೇ ಆಯಿತು. ಆಟೋದಲ್ಲಿ ಹೋಗುವಾಗ ಬುಟ್ಟಿಗೆ ಬಟ್ಟೆ ಮುಚ್ಚುತ್ತಿದ್ದೆವು. ದೀಪಾವಳಿಯ ಮೂರು ದಿನ ಒಳಕೋಣೆಯ ಕಿಟಕಿ ಮುಚ್ಚಿ, ಫ್ಯಾನು ಹಾಕಿ, ಸರದಿಯ ಮೇಲೆ ಒಬ್ಬರು ಅದರ ಜೊತೆ ಕುಳಿತೆವು. ಆ ವರ್ಷ ನಮ್ಮ ಮನೆಯ ಮುಂದೆ ಪಟಾಕಿ ಹೊಡೆಯಲಿಲ್ಲ. ಹಾಗೆ ನಿರ್ಧರಿಸಿದವಳು ಮಗಳು.

ಕಾಲು ತಣ್ಣಗಾದರೆ

ಇನ್ನೊಂದು ಅಪಾಯವನ್ನು ಹೇಳದೆ ಬಿಡುವಂತಿಲ್ಲ. ಹೃತ್ಕರ್ಣದಲ್ಲಿ ಹೆಪ್ಪುಗಟ್ಟಿದ ರಕ್ತದ ಗಡ್ಡೆ ಹೊರಟು ಮಹಾಪಧಮನಿಯಲ್ಲಿ ಸಾಗಿ, ಅದು ಹಿಂಗಾಲುಗಳಿಗೆ ಕವಲೊಡೆಯುವ ಜಾಗದಲ್ಲಿ ಸಿಕ್ಕಿಕೊಳ್ಳಬಹುದು. ಆಗ ಬೆಕ್ಕು ಇದ್ದಕ್ಕಿದ್ದಂತೆ ಚೀರುತ್ತದೆ, ಹಿಂಗಾಲನ್ನು ಎಳೆಯುತ್ತದೆ. ಕಾಲು ಮುಟ್ಟಿದರೆ ತಣ್ಣಗಿರುತ್ತದೆ, ಅಂಗಾಲಿನ ಗುಲಾಬಿ ಬಣ್ಣ ಹೋಗಿ ಬಿಳಚಿ ಅಥವಾ ನೀಲಿಯಾಗುತ್ತದೆ. ಎಷ್ಟೋ ಮನೆಯವರು ಎಲ್ಲಿಂದಲೋ ಬಿದ್ದು ಸೊಂಟ ಮುರಿದುಕೊಂಡಿದೆ ಎಂದುಕೊಳ್ಳುತ್ತಾರೆ. ಎಣ್ಣೆ ನೀವುವುದು, ಬಿಸಿ ಶಾಖ ಕೊಡುವುದು ಬೇಡ. ಬಹಳ ನೋವಿನ ಸ್ಥಿತಿಯಿದು, ಉಳಿಯುವ ಬೆಕ್ಕುಗಳು ಕಡಿಮೆ. ತಕ್ಷಣ ವೈದ್ಯರ ಬಳಿಗೆ ಒಯ್ಯುವುದೊಂದೇ ಮಾಡಬಹುದಾದದ್ದು. ಚಿನ್ನಿಗೆ ಈ ಕಷ್ಟ ಬರಲಿಲ್ಲ.

ಕೊನೆಯ ಪುಟ

ಶ್ವಾಸಕೋಶದಲ್ಲಿ ಒಮ್ಮೆ ನೀರು ತುಂಬಿದ ಮೇಲೆ ಬೆಕ್ಕುಗಳು ಕೆಲವು ತಿಂಗಳಿನಿಂದ ಒಂದೆರಡು ವರ್ಷ ಬಾಳುತ್ತವೆ ಎಂದು ವೈದ್ಯರು ಮೊದಲೇ ಹೇಳಿದ್ದರು. 2023ರ ಮೇ ತಿಂಗಳಿನಿಂದ ಪುಸ್ತಕದ ಅಂಕಿಗಳು ಏರತೊಡಗಿದವು. 32, 35, 38. ಪ್ರಮಾಣ ಹೆಚ್ಚಿಸಿದರೆ ಇಳಿಯುವುದು, ಮತ್ತೆ ಏರುವುದು. ರಕ್ತಪರೀಕ್ಷೆಯಲ್ಲಿ ಮೂತ್ರಪಿಂಡ ಸೋಲುತ್ತಿರುವುದು ಕಂಡಿತು. ತಕ್ಕಡಿಯ ಎರಡು ತಟ್ಟೆಗಳೂ ಕೆಳಗಿಳಿದಿದ್ದವು. ಜೂನ್‌ನ ಒಂದು ಬೆಳಿಗ್ಗೆ ಮಲಗಿದಲ್ಲೇ 46. ಎರಡು ದಿನದಿಂದ ಊಟ ಮುಟ್ಟಿರಲಿಲ್ಲ.

ವೈದ್ಯರು ಮನೆಯವರನ್ನೆಲ್ಲ ಕೂರಿಸಿ ಎರಡು ದಾರಿ ಹೇಳಿದರು. ಆಮ್ಲಜನಕದಲ್ಲಿಟ್ಟು ಇನ್ನೊಂದೆರಡು ದಿನ ಎಳೆಯುವುದು, ಇಲ್ಲವೇ ನೋವಿಲ್ಲದಂತೆ ಇಂಜೆಕ್ಷನ್ನಿನಿಂದ ಕಳಿಸಿಕೊಡುವುದು. ಅತ್ತೆಯವರಿಗೆ ಒಪ್ಪಿಗೆಯಾಗುವುದಿಲ್ಲವೆಂದು ನಾನು ಅಂಜಿದ್ದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಅದು ಉಸಿರಿಗೆ ಪಡೋ ಪಾಡು ನೋಡೋಕಾಗಲ್ಲ, ಕಳಿಸಿಬಿಡಿ" ಎಂದರು. ಅದರ ತುಟಿಗೆ ಒಂದು ಹನಿ ನೀರು ಸವರಿದರು. ಮಗಳು ಅದರ ಪಕ್ಕೆಯ ಮೇಲೆ ಕೈಯಿಟ್ಟುಕೊಂಡೇ ಇದ್ದಳು.

ಪುಸ್ತಕ ಈಗಲೂ ಮನೆಯಲ್ಲಿದೆ. ಹದಿನಾಲ್ಕು ತಿಂಗಳ ಅಂಕಿಗಳು, ನಡುವೆ ಎಲ್ಲೋ ಒಂದೆರಡು ದಿನ ಮಾತ್ರ ಖಾಲಿ. ನಾವು ಕಾಯಿಲೆಯನ್ನು ಗೆಲ್ಲಲಿಲ್ಲ. ಆದರೆ ಏಪ್ರಿಲ್‌ನ ಆ ರಾತ್ರಿಯಂಥ ರಾತ್ರಿ ಚಿನ್ನಿಗೆ ಮತ್ತೆ ಬರದಂತೆ ನೋಡಿಕೊಂಡೆವು. ಅಷ್ಟನ್ನು ನಿಮ್ಮ ಮನೆಯಲ್ಲಿ ನೀವೂ ಮಾಡಬಲ್ಲಿರಿ.

ನೀವೇ ಮಾಡಿ ನೋಡಿ

1. ನಿಮ್ಮ ಅಥವಾ ನೆರೆಮನೆಯ ಬೆಕ್ಕು ಮಲಗಿರುವಾಗ ಏಳು ದಿನ ಉಸಿರು ಎಣಿಸಿ ಬರೆಯಿರಿ. ಸರಾಸರಿ ಎಷ್ಟು? ದಿನದಿಂದ ದಿನಕ್ಕೆ ಎಷ್ಟು ವ್ಯತ್ಯಾಸ? ಬೆಕ್ಕು ಆರೋಗ್ಯವಾಗಿರುವಾಗಿನ ಸಂಖ್ಯೆ ಗೊತ್ತಿದ್ದರೆ ಮುಂದೆ ಹೋಲಿಸಲು ಆಧಾರವಾಗುತ್ತದೆ.

2. ಸಂಖ್ಯೆ ಮತ್ತೆ ಮತ್ತೆ 30 ದಾಟಿದರೆ ಮನೆಯ ಹಿರಿಯರಿಗೆ ಪುಸ್ತಕ ತೋರಿಸಿ, ಪಶುವೈದ್ಯರನ್ನು ಕೇಳಿ. ಬಾಯಿ ತೆರೆದು ಉಸಿರಾಡಿದರೆ, ಹಿಂಗಾಲು ತಣ್ಣಗಾಗಿ ಎಳೆದರೆ ಎಣಿಸುತ್ತ ಕೂರಬೇಡಿ, ಕೂಡಲೇ ಹೊರಡಿ.

3. ನಿಮ್ಮ ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ಹೃದಯದ ತೊಂದರೆಯಿಂದ ತೀರಿಕೊಂಡಿದ್ದರೆ, ಅಥವಾ ಓಡುವಾಗ ಆಡುವಾಗ ನಿಮಗೆ ತಲೆ ಸುತ್ತಿ ಬಿದ್ದ ಅನುಭವವಿದ್ದರೆ, ಮುಚ್ಚಿಡದೆ ಮನೆಯಲ್ಲಿ ಹೇಳಿ, ವೈದ್ಯರಿಗೆ ತೋರಿಸಿಕೊಳ್ಳಿ.